ಸೇತುವೆ ಮೇಲೆ ನಿಂತವನು

ಫೆಬ್ರವರಿ ೩

ಗುಂಡ,

ಇದನ್ನ ನಿಂತ್ಕೊಂಡು ಓದಬೇಡ, ಕೂತ್ಕೋ. ಅಮ್ಮ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೀನಿ. ಆದ್ರೂ ಕೂತ್ಕೋ.

ಚಿಗರಿಯ ಆಟ ಆರಿಹೋಯ್ತು ಕಣೋ.

ಮೊನ್ನೆ ಹೋದ ಕರೆಂಟು ನಿನ್ನೆ ಸಂಜೆ ಬಂತು. ಅಪ್ಪನ ಬ್ಯಾಟರಿ ಇದೆಯಲ್ಲ ಅಂತ ನಾನು ಹಲ್ಲು ಕಟ್ಟೋ ಲ್ಯಾಬಲ್ಲಿ ಆರಾಮಾಗಿ ಯಾವುದೋ ಮೇಷ್ಟ್ರಿಗೆ ಮೇಲಿನ ಸಾಲು ಹಲ್ಲು ಕೂರಿಸ್ತಾ ಇದ್ದೆ. ಮನೆಗೆ ಬಂದು ನಡುಮನೆಗೆ ಕಾಲಿಟ್ರೆ ವಿಡಿಯೋ ಗೇಮ್ ಡಬ್ಬಿಯ ಕೆಂಪು ದೀಪ ಇಲ್ಲ. ಬ್ಯಾಟರಿ ಮುಚ್ಚಳ ತಿರುಗಿಸಿ ನೋಡಿದೆ, ಒಳಗೆ ಒಂದು ಹನಿ ನೀರಿಲ್ಲ. ಊರವರ ಬ್ಯಾಟರಿಗೆಲ್ಲ ನೀರು ಹಾಕಿ ಜೀವನ ಮಾಡಿದ ಅಪ್ಪ ಹೋಗಿ ಇನ್ನೂ ವರ್ಷ ಆಗಿಲ್ಲ, ನಮ್ಮನೆ ಬ್ಯಾಟರಿ ಒಣಗಿ ಕೂತಿದೆ.

ಅಮ್ಮ ಚಿಕ್ಕಮ್ಮನ ಮನೇಲಿದ್ದಾಳೆ. ಕಣ್ಣಿನ ಪೊರೆ ತೆಗೆಸಿದ್ದು ನಿನಗೆ ಬರೆದಿದ್ದೆ. ಎರಡನೇ ಕಣ್ಣಿನದ್ದೂ ಮುಗಿಸ್ಕೊಂಡು ಮುಂದಿನ ತಿಂಗಳು ಬರ್ತಾಳೆ. ಬಂದವಳು ಮೊದಲು ನೋಡೋದೇ ಆ ದೀಪ. ನಿನಗೆ ಗೊತ್ತಲ್ಲ, ಟೀವಿ ಎರಡು ಬದಲಾದ್ವು, ಗೋಡೆಗೆ ಮೂರು ಬಣ್ಣ ಬಂದು ಹೋಯ್ತು, ಆ ಡಬ್ಬಿಯನ್ನ ಮಾತ್ರ ಯಾರೂ ಆರಿಸ್ಲಿಲ್ಲ. ‘ಆರಿಸ್ಬೇಡಿ, ಸೈಕಲ್ ಪಂಪು ಕೊಟ್ಟು ಈಗ ಬಂದೆ’ ಅಂತ ಹೇಳಿ ಮೆಟ್ಟಿಲಿಳಿದವನ ಮಾತು ಅದು. ನಿನ್ನಣ್ಣ ಚಿಗರಿ, ಹದಿಮೂರು ವರ್ಷದ ಹುಡುಗ, ಕೈಯಲ್ಲಿ ಪಂಪು. ಪೊಲೀಸರು ಹುಡುಕಿದ್ರು, ಅಪ್ಪ ಹುಡುಕಿದ್ರು, ಹುಡುಗನೂ ಸಿಗ್ಲಿಲ್ಲ, ಪಂಪೂ ಸಿಗ್ಲಿಲ್ಲ. ಟೀವಿ ಪರದೆ ಮೇಲೆ ಅವನ ಆಟದ ಗೊಂಬೆ, ಲಾಟೀನು ಹಿಡಿದ ಲಾಟೀನಪ್ಪ ಮಾತ್ರ ಮುರುಕು ಸೇತುವೆಯ ಹಲಗೆ ಮೇಲೆ ನಿಂತವನು ನಿಂತೇ ಇದ್ದ, ಮೊನ್ನೆವರೆಗೂ.

ಕೊನೆಗೆ ಅಪ್ಪ ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ್ದು ಒಂದೇ ಮಾತು: ‘ಆ ದೀಪ ಆರದ ಹಾಗೆ ನೋಡ್ಕೋ, ಅದು ಆರಿದ್ರೆ ನಿಮ್ಮಮ್ಮ ಉಳಿಯಲ್ಲ.’

ಡಬ್ಬಿಗೇನೂ ಆಗಿಲ್ಲ. ಹಾಕಿದ್ರೆ ಹೊತ್ತುತ್ತೆ, ಆದ್ರೆ ಆಟ ಮೊದಲಿಂದ ಶುರುವಾಗುತ್ತೆ, ಲಾಟೀನಪ್ಪ ಮೊದಲನೇ ಛಾವಣಿ ಮೇಲೆ ನಿಂತಿರ್ತಾನೆ. ಅಲ್ಲಿಂದ ಸೇತುವೆವರೆಗೆ ಅವನನ್ನ ನಾನೇ ಕರ್ಕೊಂಡು ಹೋಗ್ಬೇಕು. ನೀವಿಬ್ರೂ ಸೇರಿ ನನಗೆ ಒಂದು ದಿನವಾದ್ರೂ ಜಾಯ್‌ಸ್ಟಿಕ್ ಮುಟ್ಟೋಕೆ ಬಿಟ್ಟಿದ್ರಾ? ದಾರಿ ಗೊತ್ತಿರೋನು ನೀನೊಬ್ಬನೇ. ನೀನು ಕೆಲಸ ಮಾಡೋ ಆ ಹಾಳು ಸುರಂಗದಲ್ಲಿ ಫೋನೂ ಹತ್ತಲ್ಲ. ದಮ್ಮಯ್ಯ, ಬೇಗ ಬರಿ.

ಅಕ್ಕ


ಫೆಬ್ರವರಿ ೧೨

ಅಕ್ಕ,

ಕಾಗದ ರೇಷನ್ ಲಾರಿಯಲ್ಲಿ ಬಂತು, ಆಲೂಗಡ್ಡೆ ಮೂಟೆ ಕೆಳಗೆ. ಅದಕ್ಕೇ ತಡ.

ಆರಿದ್ರೆ ಆರ್ಲಿ ಬಿಡು.

ಸಿಟ್ಟಾಗ್ಬೇಡ. ನಾನಿಲ್ಲಿ ಬೆಟ್ಟದ ಹೊಟ್ಟೆಯೊಳಗೆ ಗಾಳಿ ಕಳಿಸೋ ಫ್ಯಾನು ನೋಡ್ಕೊಳ್ಳೋನು. ಫ್ಯಾನು ನಿಂತ್ರೆ ಒಳಗಿರೋರು ಸಾಯ್ತಾರೆ, ಅದಕ್ಕೆ ಅದನ್ನ ನಿಲ್ಲಿಸಲ್ಲ. ನಮ್ಮನೆ ಡಬ್ಬಿ ನಿಂತ್ರೆ ಯಾರು ಸಾಯ್ತಾರೆ? ಅಮ್ಮನಿಗೆ ಹೇಳು, ಕರೆಂಟು ಹೋಗಿತ್ತು, ಆರಿತು ಅಂತ. ಅತ್ತು ಸುಮ್ಮನಾಗ್ತಾಳೆ. ಇಷ್ಟು ವರ್ಷ ಕಾದಿದ್ದು ಸಾಲದಾ?

ಅಪ್ಪನ ಮಾತು ಅಪ್ಪನ ಜೊತೆ ಹೋಯ್ತು. ಆ ಡಬ್ಬಿಯನ್ನ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕು. ನಡುಮನೇಲಿ ಒಂದು ಮಂಚ ಹಾಕ್ಕೊಂಡು ಮನುಷ್ಯರ ಹಾಗೆ ಮಲಗಿ.

ಇಲ್ಲಿ ಚಳಿ ಜಾಸ್ತಿ. ಉಲ್ಲನ್ ಟೋಪಿ ಕಳಿಸ್ತೀನಿ ಅಂದಿದ್ದೆ, ಎಲ್ಲಿ?

ಗುಂಡ


ಫೆಬ್ರವರಿ ೧೯

ಗುಂಡ,

ಟೋಪಿ ಕಳಿಸಿದ್ದೀನಿ. ತಲೆ ಬೆಚ್ಚಗಾದ್ಮೇಲಾದ್ರೂ ಬುದ್ಧಿ ಬರುತ್ತಾ ನೋಡೋಣ.

ಹೇಳೋದು ಸುಲಭ ಕಣಪ್ಪ. ಅಪ್ಪ ಹೋದಾಗ ಬಂದವನು ಮನೆಯೊಳಗೆ ಎಷ್ಟು ಹೊತ್ತಿದ್ದೆ? ಜನಕ್ಕೆ ಕುರ್ಚಿ ಹಾಕ್ತೀನಿ ಅಂತ ಹೊರಗೇ ಇದ್ದೆ. ರಾತ್ರಿ ಮಹಡಿ ಮೇಲೆ ಮಲಗಿದೆ. ನಡುಮನೆಗೆ ಇಣುಕಿಯೂ ನೋಡ್ಲಿಲ್ಲ. ಅಮ್ಮ ‘ಅವನಿಗೆ ಮನೆ ಬೇಡವಾಗಿದೆ’ ಅಂದ್ಲು. ನಾನು ನಿನ್ನ ಪರ ವಹಿಸಿ ಮಾತಾಡಿದೆ. ಯಾಕೆ ಆಡಿದೆನೋ ಅನ್ನಿಸ್ತಿದೆ. ನಿನಗೆ ಚಿಗರಿ ಮರೆತುಹೋಗಿದ್ದಾನೆ, ಸರಿ. ಅಮ್ಮನಿಗೆ ಮರೆತಿಲ್ಲ.

ನೆಟ್ಟಲ್ಲಿ ಹುಡುಕಿದೆ, ಸಿಗ್ಲಿಲ್ಲ. ಆಟದ ಹೆಸರೇ ಗೊತ್ತಿಲ್ಲದೆ ಏನಂತ ಹುಡುಕಲಿ? ಕ್ಯಾಸೆಟ್ಟಿನ ಚೀಟಿ ಆಗಲೇ ಕಿತ್ತುಹೋಗಿತ್ತು. ‘ಲಾಟೀನಪ್ಪ’ ನಾವಿಟ್ಟ ಹೆಸರು.

ಇನ್ನೊಂದು ವಿಷಯ. ಬರೀಲೋ ಬೇಡವೋ ಅಂತ ಯೋಚಿಸಿದೆ. ದಿನಾ ಅದೇ ಚಿತ್ರ ಇಟ್ಟು ಟೀವಿ ಗಾಜಿನ ಮೇಲೆ ಅದರ ಕಲೆ ಉಳಿದಿದೆ. ಆರಿಸಿದ ಮೇಲೂ ಸೇತುವೆ ಕಾಣುತ್ತೆ, ಕಂಬ ಕಾಣುತ್ತೆ. ಆ ಕಲೆಯ ಲೆಕ್ಕಕ್ಕೇ ಲಾಟೀನಪ್ಪನನ್ನ ನಿಲ್ಲಿಸಿದ್ರಾಯ್ತು ಅಂತ ಹತ್ತಿರ ಹೋಗಿ ನೋಡಿದೆ. ಸೇತುವೆ ಒಂದೇ, ಕಂಬ ಒಂದೇ. ಲಾಟೀನಪ್ಪ ಮಾತ್ರ ಒಬ್ಬನಲ್ಲ. ಪಕ್ಕಪಕ್ಕದಲ್ಲಿ ಮೂರೋ ನಾಲ್ಕೋ ಜನ, ಒಬ್ಬನ ಭುಜಕ್ಕೆ ಇನ್ನೊಬ್ಬ ಅಂಟಿಕೊಂಡು ನಿಂತಿದ್ದಾರೆ. ನಿಂತವನು ಕದಲೇ ಇಲ್ಲ ಅಂದ್ರೆ ಇವರೆಲ್ಲ ಯಾರೋ? ಆ ಗಾಜಿನ ಮೇಲೆ ಟವೆಲ್ ಹಾಕಿಟ್ಟಿದ್ದೀನಿ.

ದಾರಿ ಬರಿ. ಇಲ್ಲಾಂದ್ರೆ ನನಗೆ ಕಾಗದವೇ ಬರೀಬೇಡ.

ಅಕ್ಕ


ಫೆಬ್ರವರಿ ೨೭

ಅಕ್ಕ,

ಟೋಪಿ ಬಂತು. ಬೈಗುಳವೂ ಬಂತು. ಎರಡೂ ಬೆಚ್ಚಗಿವೆ.

ಗಾಜಿನ ಕಲೆಗೆ ಹೆದರಬೇಡ. ಹಳೇ ಟೀವಿ, ಬಣ್ಣ ಹರಡಿರುತ್ತೆ, ಅಷ್ಟೇ.

ದಾರಿ ಹೇಳ್ತೀನಿ, ಬಾಯಿಪಾಠ ಮಾಡ್ಕೋ. ಈ ಆಟದಲ್ಲಿ ಪರದೆ ಜರುಗಲ್ಲ. ಒಂದು ಚಿತ್ರದ ಬಲಗಡೆ ಅಂಚಿಗೆ ಹೋದ್ರೆ ಇನ್ನೊಂದು ಚಿತ್ರ ಬರುತ್ತೆ. ಮೊದಲು ಛಾವಣಿಗಳು. ಅಲ್ಲಿ ಬೆಕ್ಕು ಬರುತ್ತೆ, ಅದಕ್ಕೆ ದಾರಿ ಬಿಡು, ಅದು ಏನೂ ಮಾಡಲ್ಲ. ಚಿಗರಿ ಅದನ್ನ ಸುಮ್ಮಸುಮ್ಮನೆ ಕೆಣಕಿ ಸಾಯ್ತಿದ್ದ. ಆಮೇಲೆ ಬಾವಿ. ಬಾವಲಿ ಮೇಲೆ ಹೋದಾಗ ನೀನು ಕೆಳಗಿಳಿ. ಕೆಳಗೆ ಬಂದಾಗ ಗೋಡೆಗೆ ಒತ್ತಿ ನಿಲ್ಲು, ಬಸ್ಸಲ್ಲಿ ಹೆಂಗಸರು ನಿಲ್ತಾರಲ್ಲ ಹಾಗೆ. ಆಮೇಲೆ ತೇಲೋ ಕಲ್ಲುಗಳು. ಎರಡು ಕಲ್ಲು ಸುಲಭ, ಮೂರನೆಯದು ಮೋಸ. ಅದು ಹತ್ತಿರ ಬಂದ ಹಾಗೆ ಮಾಡಿ ವಾಪಸ್ ಹೋಗುತ್ತೆ. ಹೋಗಿ ಇನ್ನೊಂದ್ಸಲ ಬರೋವರೆಗೆ ಕಾಯ್ಬೇಕು. ಚಿಗರಿ ನನ್ನ ಕೈ ಮೇಲೆ ಕೈಯಿಟ್ಟು ‘ಈಗಲ್ಲ, ಈಗಲ್ಲ, ಈಗ’ ಅಂತಿದ್ದ. ಅವನ ಬೆರಳು ಯಾವಾಗಲೂ ಜಿಡ್ಡು ಜಿಡ್ಡು. ಅದನ್ನ ದಾಟಿದ್ರೆ ಸೇತುವೆ. ಮಧ್ಯದ ಹಲಗೆ ಮೇಲೆ ಹೋಗಿ ಪಾಸ್ ಒತ್ತು, ಆಟ ಅಲ್ಲೇ ನಿಲ್ಲುತ್ತೆ.

ನೀನು ಮೇಣದಲ್ಲಿ ಹಲ್ಲು ಕೂರಿಸೋಳು, ನಿನ್ನ ಕೈ ನಡುಗಲ್ಲ. ಒಂದು ವಾರದಲ್ಲಿ ಕಲೀತೀಯ.

ಚಿಗರಿ ನನಗೆ ಮರೆತಿದ್ದಾನೆ ಅಂತ ಬರೆದಿದ್ದೀಯ. ಸರಿ, ಹಾಗೇ ಅಂದ್ಕೋ.

ಗುಂಡ


ಮಾರ್ಚ್ ೮

ಗುಂಡ,

ಬೈದಿದ್ದಕ್ಕೆ ಮನಸ್ಸಲ್ಲಿಟ್ಕೋಬೇಡ. ಈ ಕಾಗದ ಉದ್ದ ಇದೆ.

ನಿನ್ನ ಕಾಗದ ಬಂದಾಗಿನಿಂದ ಲ್ಯಾಬಿಂದ ಬಂದವಳೇ ಜಾಯ್‌ಸ್ಟಿಕ್ ಹಿಡೀತಿದ್ದೆ. ಬೆಕ್ಕಿನ ಹತ್ರ ಸತ್ತೆ, ಬಾವಲಿ ಹತ್ರ ಸತ್ತೆ. ಆದ್ರೆ ನಿಜ ಹೇಳ್ಲಾ? ಖುಷಿಯಾಯ್ತು ಕಣೋ. ಇದಕ್ಕೇ ನೀವಿಬ್ರೂ ಊಟ ಬಿಟ್ಟು ಕೂರ್ತಿದ್ರಿ ಅಂತ ಈಗ ಗೊತ್ತಾಯ್ತು. ಒಂದು ಸಲ ನೆಗೆಯುವಾಗ ನಾನೂ ಜಾಯ್‌ಸ್ಟಿಕ್ ಎತ್ತಿ ಭುಜ ಓರೆ ಮಾಡ್ದೆ, ಥೇಟ್ ಚಿಗರಿ ಹಾಗೆ.

ಮೊನ್ನೆ ಭಾನುವಾರ ಬೆಳಿಗ್ಗೆ ಮೂರನೇ ಕಲ್ಲಿಂದ ಬಿದ್ದು ‘ಥೂ ನಿನ್ನ’ ಅಂದೆ. ಹಿಂದಿನಿಂದ ಯಾರೋ, “ಅವಸರ ಮಾಡ್ತೀಯ ನೀನು” ಅಂದ್ರು.

ಅಮ್ಮ! ಕಪ್ಪು ಕನ್ನಡಕ, ಕೈಯಲ್ಲಿ ಚೀಲ. ಚಿಕ್ಕಮ್ಮನ ಮನೇಲಿ ಬೇಜಾರಾಯ್ತಂತೆ, ಹೇಳದೆ ಕೇಳದೆ ಆಟೋ ಹತ್ತಿ ಬಂದಿದ್ದಾಳೆ. ನಾನು ನೆಲದ ಮೇಲೆ, ಕೈಯಲ್ಲಿ ಜಾಯ್‌ಸ್ಟಿಕ್, ಪರದೆ ಮೇಲೆ ಸೇತುವೆ ಇಲ್ಲ. ಕಳ್ಳಿ ಸಿಕ್ಕಿಬಿದ್ದ ಹಾಗೆ. “ಅಮ್ಮಾ, ಅದು, ಕರೆಂಟು…” ಅಂತ ತೊದಲಿದೆ. ಇನ್ನೇನು ಬೀಳ್ತಾಳೆ, ಹಿಡ್ಕೋಬೇಕು ಅಂತ ಎದ್ದೆ.

ಅವಳು ಚೀಲ ಇಟ್ಟು, ಮಂಡಿ ಹಿಡ್ಕೊಂಡು ನನ್ನ ಪಕ್ಕ ಕೂತಳು. “ಕೊಡಿಲ್ಲಿ” ಅಂದ್ಲು.

ಗುಂಡ, ನಮ್ಮಮ್ಮ ಆಡಿದ್ಲು ಕಣೋ. ಬೆಕ್ಕಿಗೆ ದಾರಿ ಬಿಟ್ಲು. ಬಾವಿಯಲ್ಲಿ ಪರದೆ ಕಡೆ ನೋಡ್ಲೇ ಇಲ್ಲ, ನನ್ನ ಮುಖ ನೋಡ್ಕೊಂಡು ‘ಸೊರಗಿದ್ದೀಯಲ್ಲೇ’ ಅಂತ ಕೇಳ್ತಾನೇ ಇಳಿದ್ಲು. ಒಂದೇ ಒಂದು ಸಲ ಸಾಯದೆ ಸೇತುವೆಗೆ ಬಂದು ಪಾಸ್ ಒತ್ತಿದ್ಲು.

“ನಿನಗೆ ಯಾರಮ್ಮಾ ಕಲಿಸಿದ್ದು?”

“ಇನ್ಯಾರು? ಕಾಮಾಲೆ ಆಗಿ ಮನೇಲಿ ಮಲಗಿದ್ನಲ್ಲ ಅವನು. ನೀವಿಬ್ರೂ ಸ್ಕೂಲಿಗೆ ಹೋದ್ಮೇಲೆ ‘ಅಮ್ಮಾ ಬಾ, ಒಂದೇ ಆಟ’ ಅಂತ ಪ್ರಾಣ ತಿನ್ನೋನು.”

“ಹಾಗಾದ್ರೆ ಇದು ಮುಂಚೆಯೂ ಆರಿತ್ತಾ?”

“ಬ್ಯಾಟರಿ ಅಂಗಡಿಯವನ ಮನೇಲಿ ಬ್ಯಾಟರಿ ಯಾವತ್ತು ನೆಟ್ಟಗಿತ್ತು? ಎಷ್ಟೋ ಸಲ ಆರಿದೆ. ನಿಮ್ಮಪ್ಪ ಅಂಗಡಿಯಿಂದ ಬರೋ ಹೊತ್ತಿಗೆ ನಾನು ತಂದು ನಿಲ್ಲಿಸಿರ್ತಿದ್ದೆ. ಒಂದ್ಸಲ ಒಂಚೂರು ಆಚೆ, ಒಂದ್ಸಲ ಒಂಚೂರು ಈಚೆ. ಕಣ್ಣು ಮಂಜಾದ್ಮೇಲೆ ಸದ್ದು ಕೇಳಿಸ್ಕೊಂಡೇ ಆಡ್ತಿದ್ದೆ. ಆ ಮನುಷ್ಯ ಚಪ್ಪಲಿ ಬಿಡೋಕೆ ಮುಂಚೆ ಆ ದೀಪ ನೋಡೋರು. ಅದು ಆರಿದ್ದು ಕಂಡಿದ್ರೆ ಅವತ್ತೇ ಹಾಸಿಗೆ ಹಿಡೀತಿದ್ರು.”

ನನಗೆ ತಡೆಯೋಕಾಗ್ಲಿಲ್ಲ. “ಅಪ್ಪ ನನಗೆ ಹೇಳಿದ್ದು ಅದು ನಿನಗೋಸ್ಕರ ಅಂತಮ್ಮಾ. ಆರಿದ್ರೆ ನೀನು ಉಳಿಯಲ್ಲ ಅಂತ” ಅಂದುಬಿಟ್ಟೆ.

“ಹಾಗಂದ್ರಾ?” ಅಂದ್ಲು. ನಗೋಕೆ ಹೋದ್ಲು, ಆಗ್ಲಿಲ್ಲ. ಕನ್ನಡಕದ ಕೆಳಗಿಂದ ನೀರು ಇಳೀತು. ಡಾಕ್ಟ್ರು ಅಳಬಾರದು ಅಂದಿದ್ದಾರೆ ಅಂತ ನಾನು ಬೈದೆ, ನಾನೂ ಅತ್ತೆ. ಗಂಡ ಹೆಂಡತಿ ಒಂದೇ ಸೂರಿನಡಿ ಇಷ್ಟು ವರ್ಷ ಒಬ್ಬರಿಗೊಬ್ಬರು ಕಾವಲು ಕೂತಿದ್ರು ಕಣೋ, ಒಂದು ಮಾತೂ ಆಡದೆ.

ಆಮೇಲೆ ಅಮ್ಮ ಹೇಳಿದ್ದು ಇದು, ನಿನಗೆ ಬರೀಬೇಕು ಅಂತ: “ಅವರಿದ್ರು, ನಿಲ್ಲಿಸಿದ್ದೆ. ಈಗ ಅವರಿಲ್ಲ. ಇವನನ್ನ ಇನ್ನೂ ಯಾಕೆ ಆ ಹಲಗೆ ಮೇಲೆ ನಿಲ್ಲಿಸ್ಕೊಂಡಿರ್ಬೇಕು? ಕಾಲು ನೋಯಲ್ವಾ? ದಾಟಿಸಿಬಿಟ್ಟು ಆರಿಸೋಣ. ಆಚೆ ದಾರಿ ನನಗೆ ಬರಲ್ಲ, ‘ನಾಳೆ ತೋರಿಸ್ತೀನಿ’ ಅಂದಿದ್ದ. ಗುಂಡನಿಗೆ ಗೊತ್ತಿದ್ರೆ ಕೇಳು.”

ನೋಡು, ನೀನು ಹೇಳಿದ್ದೇ ಆಗ್ತಿದೆ. ಅವಳೇ ಆರಿಸ್ತಾಳಂತೆ. ನನ್ನ ಎದೆ ಮೇಲಿನ ಕಲ್ಲು ಇಳಿದ ಹಾಗಾಗಿದೆ. ಬೇಗ ಬರಿ.

ಅಕ್ಕ


ಮಾರ್ಚ್ ೨೯

ಅಕ್ಕ,

ತಡವಾಯ್ತು. ದೊಡ್ಡ ಫ್ಯಾನಿನ ಬೆಲ್ಟು ಕಿತ್ತುಹೋಗಿತ್ತು. ಆಮೇಲೆ ಲಾರಿ ಬರ್ಲಿಲ್ಲ. ಒಂದು ಲಾರಿ ಬಂತು, ಆಗ ಕಾಗದ ಬರೆದಿರ್ಲಿಲ್ಲ.

ಅಮ್ಮ ಆಡ್ತಾಳೆ ಅಂತ ಓದಿ ಊಟಕ್ಕೆ ಕೂತಲ್ಲೇ ನಕ್ಕೆ. ಪಕ್ಕದಲ್ಲಿದ್ದ ಡ್ರಿಲ್ಲರ್ ‘ಹುಡುಗಿ ಕಾಗದವಾ?’ ಅಂದ. ಹೌದು ಅಂದೆ.

ಸೇತುವೆ ದಾಟೋದು ಹೀಗೆ. ಮಧ್ಯದ ಹಲಗೆಯಿಂದ ಓಡೋಕೆ ಶುರು ಮಾಡಿದ್ರೆ ಹಿಂದಿನ ಹಲಗೆಗಳು ಒಂದೊಂದೇ ಬೀಳುತ್ವೆ. ನೋಡೋಕೆ ಅಂತ ನಿಲ್ಲಬಾರದು. ಕೊನೇ ಹಲಗೆ ತುದಿಗೆ ಬಂದಾಗ ನೆಗೆದು ಗುಂಡಿ ಒತ್ತಿಹಿಡ್ಕೊಂಡೇ ಇರ್ಬೇಕು, ಆಗ ಲಾಟೀನಪ್ಪ ದೂರ ಹಾರ್ತಾನೆ. ಆಚೆ ದಡ ಸಿಗುತ್ತೆ. ಅಲ್ಲೊಂದು ಮರ ಇದೆ. ಮರದ ಕೆಳಗೆ ನಿಲ್ಲಿಸಿ.

ಅಲ್ಲಿಗೆ ಮುಗೀತು. ಅದರಾಚೆ ಏನೂ ಇಲ್ಲ. ಬಲಗಡೆಗೆ ಹೋಗಬೇಡಿ, ಸುಮ್ಮನೆ ತೊಂದರೆ. ಮರದ ಕೆಳಗೆ ನಿಲ್ಲಿಸಿ, ಸ್ವಿಚ್ ಆರಿಸಿ, ಅಮ್ಮನಿಗೆ ಏನಾದ್ರೂ ಬಿಸಿಯಾಗಿ ಕುಡಿಯೋಕೆ ಕೊಡು.

ಮರದ ಕೆಳಗೆ. ಮರೀಬೇಡ.

ಗುಂಡ


ಏಪ್ರಿಲ್ ೧೧

ಗುಂಡ,

ಆಚೆ ಏನೂ ಇಲ್ಲ ಅಂತ ಯಾಕೆ ಬರೆದೆ?

ಅಮ್ಮ ಎರಡನೇ ಸಲಕ್ಕೇ ದಾಟಿಸಿದ್ಲು. ಹಲಗೆಗಳು ಬೀಳುವಾಗ ನಾನು ಕಣ್ಣು ಮುಚ್ಕೊಂಡಿದ್ದೆ. ತೆಗೆದಾಗ ಲಾಟೀನಪ್ಪ ನೀನು ಹೇಳಿದ ಮರದ ಕೆಳಗಿದ್ದ. “ಬಂದ ಕಣೇ” ಅಂದ್ಲು ಅಮ್ಮ. ಅವಳ ಮುಖ ನೋಡ್ಬೇಕಿತ್ತು ನೀನು. ನಾನು ಸ್ವಿಚ್ಚಿಗೆ ಕೈ ಹಾಕಿದೆ. “ಇರೇ, ಒಂದು ಹೆಜ್ಜೆ ಮುಂದೇನಿದೆ ನೋಡೋಣ” ಅಂದ್ಲು. ಬೇಡ ಅನ್ನೋಕೆ ನನ್ನ ಹತ್ರ ಕಾರಣ ಇರ್ಲಿಲ್ಲ, ನೀನು ಕೊಟ್ಟಿರ್ಲಿಲ್ಲ.

ಬಲಗಡೆಗೆ ಹೋದ. ಪರದೆ ಪೂರ್ತಿ ಕಪ್ಪಾಯ್ತು. ಕರೆಂಟು ಹೋಯ್ತು ಅಂದ್ಕೊಂಡೆ. ಕೆಂಪು ದೀಪ ಉರೀತಾನೇ ಇತ್ತು. ಲಾಟೀನು ಆರಿದೆ, ಅವನು ಕಾಣಲ್ಲ. ಅಮ್ಮ ಗುಂಡಿ ಒತ್ತಿದ್ಲು. ಕತ್ತಲೊಳಗಿಂದ ಹೆಜ್ಜೆ ಸದ್ದು. ಟಪ್, ಟಪ್, ಟಪ್. ಬರಿಗಾಲಲ್ಲಿ ಮಕ್ಕಳು ನಡೆಯೋ ಹಾಗೆ.

ಆರಿಸ್ತೀನಿ ಅಂದವಳು ಡಬ್ಬಿನೂ ಆರಿಸ್ಲಿಲ್ಲ, ಟೀವಿನೂ ಆರಿಸ್ಲಿಲ್ಲ. ದಿನಾ ಸಂಜೆ ಹೋಗಿ ಕೂರ್ತಾಳೆ. ನೆಗೆಯಲ್ಲ, ಎಲ್ಲೂ ಹೋಗೋಕೆ ನೋಡಲ್ಲ, ಬರೀ ನಡೆಸ್ತಾಳೆ. “ಎಲ್ಲಿಗಮ್ಮಾ?” ಅಂದ್ರೆ “ನಡೀತಿದ್ದಾನಲ್ಲ, ಬಿಡು” ಅಂತಾಳೆ. ನಿಂತಿದ್ದಾಗ ಅವಳಿಗೆ ಇಷ್ಟು ಹುಚ್ಚಿರ್ಲಿಲ್ಲ. ದಾಟಿಸಿದ್ರೆ ಮುಗಿಯುತ್ತೆ ಅಂದ್ಕೊಂಡಿದ್ವಿ. ಮುಳ್ಳು ತೆಗೆಯೋಕೆ ಹೋಗಿ ಇನ್ನೂ ಒಳಗೆ ತಳ್ಳಿದ ಹಾಗಾಯ್ತು.

ಇವತ್ತಿನ ವಿಷಯ ಕೇಳು. ಮಧ್ಯಾಹ್ನ ಊಟ ಮುಗಿಸಿ ಇಬ್ರೂ ಅಡುಗೆಮನೇಲಿ ಇದ್ವಿ. ನಾನು ಪಾತ್ರೆ ಉಜ್ಜುತ್ತಾ ಇದ್ದೆ, ಅವಳು ಪಕ್ಕದಲ್ಲಿ ಒರೆಸಿಡ್ತಿದ್ಲು. ಮನೇಲಿ ಇನ್ಯಾರೂ ಇಲ್ಲ, ಮುಂಬಾಗಿಲಿಗೆ ಚಿಲಕ ಇದೆ. ನಡುಮನೆಯಿಂದ ಟಪ್, ಟಪ್, ಟಪ್ ಅಂತ ಕೇಳ್ತು.

ನಾನು ಅಮ್ಮನ ಕೈ ನೋಡಿದೆ. ಅವಳ ಕೈಯಲ್ಲಿ ತಟ್ಟೆ ಇತ್ತು. ಅವಳು ನನ್ನ ಕೈ ನೋಡಿದ್ಲು. ಇಬ್ಬರಲ್ಲಿ ಒಬ್ಬರೂ ಆ ಕಡೆ ಹೋಗ್ಲಿಲ್ಲ. ನಲ್ಲಿ ನಿಲ್ಲಿಸಿದೆ. ನಿಲ್ಲಿಸಿದ್ಮೇಲೆ ಇನ್ನೂ ಚೆನ್ನಾಗಿ ಕೇಳ್ತು. ಅಮ್ಮ ನನ್ನ ಒದ್ದೆ ಮಣಿಕಟ್ಟು ಹಿಡ್ಕೊಂಡು, ಮೆಲ್ಲಗೆ, ಯಾರಿಗೋ ಕೇಳಿಸಬಾರದು ಅನ್ನೋ ಹಾಗೆ, “ಚಿಲಕ ತೆಗಿ” ಅಂದ್ಲು. ನಾನು ಹೋಗಿ ತೆಗೆದೆ. ಹಲ್ಲಿನ ಲ್ಯಾಬಲ್ಲಿ ಕೆಲಸ ಮಾಡೋ, ನಾಲ್ಕಕ್ಷರ ಓದಿದ ಹೆಂಗಸು ನಾನು. ಹೋಗಿ ತೆಗೆದೆ ಕಣೋ.

ಸಂಜೆಯಾಗ್ತಾ ಬಂತು. ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಾಳೆ. ನಾನು ಅಡುಗೆಮನೆಯಲ್ಲೇ ಕೂತು ಬರೀತಿದ್ದೀನಿ. ಇನ್ನೂ ಕೇಳ್ತಾ ಇದೆ. ನನಗೆ ಭಯ ಆಗ್ತಿದೆ ಗುಂಡ. ಬಾರೋ.

ಅಕ್ಕ


ಏಪ್ರಿಲ್ ೧೮

ಅಕ್ಕ,

ಹೆದರಬೇಡ. ಅದು ಜಾಯ್‌ಸ್ಟಿಕ್ಕಿನ ಬಲಗಡೆ ಗುಂಡಿ. ಒಳಗೆ ರಬ್ಬರ್ ಇರುತ್ತೆ, ಹಳತಾದ್ರೆ ಅಂಟಾಗುತ್ತೆ. ಅಮ್ಮ ಒತ್ತಿ ಒತ್ತಿ ಅದು ಒಳಗೇ ಕಚ್ಕೊಂಡಿದೆ. ಒತ್ತದಿದ್ರೂ ಒತ್ತಿದ ಹಾಗೇ. ನಮ್ಮ ಫ್ಯಾನಿನ ಸ್ವಿಚ್ಚುಗಳಲ್ಲಿ ಇದು ವಾರಕ್ಕೊಂದ್ಸಲ ಆಗುತ್ತೆ. ಸ್ಕ್ರೂ ಬಿಚ್ಚಿ ಸ್ಪಿರಿಟ್ಟಲ್ಲಿ ಒರೆಸಿದ್ರೆ ಸರಿಹೋಗುತ್ತೆ. ನಿನಗೆ ಎರಡು ನಿಮಿಷದ ಕೆಲಸ.

ಆಚೆ ಏನೂ ಇಲ್ಲ ಅಂದಿದ್ದು ಯಾಕೆ ಅಂತ ಕೇಳಿದ್ದೀಯ. ಚಿಗರಿ ಹೋದಾಗ ನನಗೆ ಎಂಟು ವರ್ಷ. ದೊಡ್ಡೋರೆಲ್ಲ ರಸ್ತೇಲಿ ಹುಡುಕ್ತಿದ್ರು. ನಾನು ಆಟದಲ್ಲಿ ಹುಡುಕಿದೆ. ಅವನು ಲಾಟೀನಪ್ಪನ ಹಿಂದೆ ಒಳಗೆ ಹೋಗಿದ್ದಾನೆ, ಸೇತುವೆಯಾಚೆ ಕೂತಿದ್ದಾನೆ ಅಂತ ನನ್ನ ಲೆಕ್ಕ. ನಮ್ಮನೆ ಡಬ್ಬಿ ಮುಟ್ಟೋ ಹಾಗಿರ್ಲಿಲ್ಲವಲ್ಲ. ಸ್ಕೂಲಿನ ಸ್ನೇಹಿತನ ಮನೇಲಿ ಅದೇ ಕ್ಯಾಸೆಟ್ ಇತ್ತು, ಅಲ್ಲಿ ಹೋಗಿ ಆಡಿದೆ. ಮರದವರೆಗೆ ಹೋದೆ. ಕತ್ತಲೆ ಬಂತು. ಹೆಜ್ಜೆ ಸದ್ದು ಕೇಳ್ತು. ಅದು ಚಿಗರಿಯೇ ಅಂತ ಗೊತ್ತಾಯ್ತು, ಎಂಟು ವರ್ಷದವರಿಗೆ ಗೊತ್ತಾಗುತ್ತಲ್ಲ ಹಾಗೆ. ಕರೀಬೇಕಿತ್ತು. ಜಾಯ್‌ಸ್ಟಿಕ್ ಬಿಸಾಕಿ ಓಡಿಬಂದೆ. ಆಮೇಲೆ ನಾನು ಆ ಡಬ್ಬಿ ಇರೋ ಕೋಣೆಗೆ ಯಾವತ್ತೂ ಹೋಗಿಲ್ಲ.

ರಜೆ ಕೇಳಿದ್ದೀನಿ. ಮುಂದಿನ ಲಾರಿಯಲ್ಲಿ ನಾನೇ ಇಳೀತೀನಿ.

ಅಕ್ಕ, ಆ ಸ್ಕ್ರೂ ಬಿಚ್ಚಬೇಡ. ನಾನು ಬರೋವರೆಗೆ ಅವನನ್ನ ನಿಲ್ಲಿಸಬೇಡಿ.

ಗುಂಡ